ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅಡ್ಡಾದರೆ ಕೆಲಸಕ್ಕೆ ಕುತ್ತಾ?

2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ನಿದ್ದೆಯ ಬಗ್ಗೆ ಎರಡು ಸುದ್ದಿ ಬಂದವು. ಒಂದು ವಿಧಾನಸಭೆಯದು. ಊಟಕ್ಕೆ ಹೋದ ಶಾಸಕರು ಮಧ್ಯಾಹ್ನದ ಕಲಾಪಕ್ಕೆ ವಾಪಸ್ ಬರುವುದು ಕಡಿಮೆ ಅಂತ ಸ್ಪೀಕರ್ ಯು.ಟಿ. ಖಾದರ್ ಅವರು ಮಾರ್ಚ್‌ನ ಬಜೆಟ್ ಅಧಿವೇಶನಕ್ಕೆ ಒರಗು ಕುರ್ಚಿಗಳನ್ನು ಬಾಡಿಗೆಗೆ ತರಿಸಲು ಹೊರಟರು. ಊಟ ಮಾಡಿ, ಅಲ್ಲೇ ಸ್ವಲ್ಪ ಹೊತ್ತು ಒರಗಿ, ಎದ್ದು ಸದನಕ್ಕೆ ಬರಲಿ ಅನ್ನುವುದು ಲೆಕ್ಕ. ಇನ್ನೊಂದು ಹೈಕೋರ್ಟಿನದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೊಪ್ಪಳ ವಿಭಾಗದಲ್ಲಿ ಒಬ್ಬ ಕಾನ್‌ಸ್ಟೇಬಲ್ ಡ್ಯೂಟಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದರು, ಯಾರೋ ಅದನ್ನು ವಿಡಿಯೊ ಮಾಡಿ ಹರಿಬಿಟ್ಟಿದ್ದರು, ನಿಗಮ ಅವರನ್ನು ಅಮಾನತು ಮಾಡಿತ್ತು. ಆ ಅಮಾನತನ್ನು ಕೋರ್ಟು ರದ್ದು ಮಾಡಿತು.

ಒಂದೇ ತಿಂಗಳು, ಒಂದೇ ರಾಜ್ಯ. ಒಬ್ಬರಿಗೆ ನಿದ್ದೆ ಬರಲಿ ಅಂತ ಕುರ್ಚಿ, ಇನ್ನೊಬ್ಬರಿಗೆ ನಿದ್ದೆ ಬಂತು ಅಂತ ಸಸ್ಪೆನ್ಷನ್.

ಈ ತೀರ್ಪು ಬಂದ ಮೇಲೆ ನನ್ನ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡಿತು. "ಇನ್ನು ಮೇಲೆ ಆಫೀಸಲ್ಲಿ ಮಲಗಬಹುದು, ಹೈಕೋರ್ಟೇ ಹೇಳಿದೆ!" ಕೇಳಲು ಚೆನ್ನಾಗಿದೆ, ಆದರೆ ಕೋರ್ಟು ಹಾಗೆ ಹೇಳಿಲ್ಲ. ಏನು ಹೇಳಿದೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಎಲ್ಲರೂ ಕಲಸಿಬಿಡುವ ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳೋಣ. ಕೆಲಸದ ಹೊತ್ತಿನಲ್ಲಿ ಮಲಗುವುದು ಬೇರೆ, ಕೆಲಸದ ಜಾಗದಲ್ಲಿ ಬಿಡುವಿನ ಹೊತ್ತಿನಲ್ಲಿ ಮಲಗುವುದು ಬೇರೆ. ಜಾಗ ಒಂದೇ ಆಗಿರಬಹುದು, ಮೇಜೂ ಒಂದೇ ಆಗಿರಬಹುದು, ಆದರೆ ಕಾನೂನು ಇಲ್ಲಿ ಮುಖ್ಯವಾಗಿ ನೋಡುವುದು ಗಡಿಯಾರವನ್ನು.

ಬಿಡುವು ಅನ್ನುವುದು ಕಂಪನಿಯವರು ಪ್ರೀತಿಯಿಂದ ಕೊಡುವ ಪ್ರಸಾದವಲ್ಲ. ಅದು ಕಾನೂನಿನಲ್ಲೇ ಇದೆ. ಅಂಗಡಿ, ಹೋಟೆಲು, ಸಾಫ್ಟ್‌ವೇರ್ ಕಚೇರಿ ಎಲ್ಲಕ್ಕೂ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 7, 9, 10ನೇ ಸೆಕ್ಷನ್‌ಗಳನ್ನು ಒಟ್ಟಿಗೆ ಓದಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಒಂದೇ ಸಮನೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ ಕೊಡಲೇಬೇಕು. ಹೌದು, ಒಂದು ಗಂಟೆ. ಅರ್ಧ ಗಂಟೆ ಅಲ್ಲ. ಇದನ್ನು ಹೇಳಿದಾಗ ಬೆಂಗಳೂರಿನ ಎಷ್ಟೋ ಜನ ನನ್ನ ಮುಖ ನೋಡಿ ನಕ್ಕಿದ್ದಾರೆ. ಬೆಳಿಗ್ಗೆ ಬಂದಾಗಿನಿಂದ ಸಂಜೆ ಹೋಗುವವರೆಗೆ, ಬಿಡುವೂ ಸೇರಿ, 12 ಗಂಟೆ ದಾಟಬಾರದು ಅಂತಲೂ ಇದೆ.

ಫ್ಯಾಕ್ಟರಿಗಳ ಲೆಕ್ಕ ಬೇರೆ. ಏಳು ದಶಕಕ್ಕೂ ಜಾಸ್ತಿ ಕಾಲ ಅವುಗಳನ್ನು ಆಳಿದ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಿ ಅನ್ನುತ್ತಿತ್ತು. ಜೊತೆಗೆ 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವಿಶ್ರಾಂತಿ ಕೊಠಡಿ ಮತ್ತು ಊಟದ ಕೋಣೆ ಇರಲೇಬೇಕು ಅಂತ 47ನೇ ಸೆಕ್ಷನ್ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಈ ಸಂಖ್ಯೆಯನ್ನು 50ಕ್ಕೆ ಇಳಿಸಿದೆ. 50ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಗಂಡಸರಿಗೆ, ಹೆಂಗಸರಿಗೆ, ತೃತೀಯ ಲಿಂಗಿಗಳಿಗೆ ಬೇರೆ ಬೇರೆ ವಿಶ್ರಾಂತಿ ಕೊಠಡಿ ಇರಬೇಕು ಅನ್ನುತ್ತದೆ ಅದು. ವಿಶ್ರಾಂತಿ ಕೊಠಡಿ ಅಂತ ಹೆಸರಿಟ್ಟ ಮೇಲೆ ಅಲ್ಲಿ ಕಣ್ಣು ಮುಚ್ಚಬೇಡಿ ಅನ್ನಲಾಗದು, ಅಲ್ವಾ?

ಹಾಗಾದರೆ ಆ ಬಿಡುವಿನಲ್ಲಿ ಏನು ಮಾಡಬೇಕು ಅಂತ ಕಾನೂನು ಹೇಳುತ್ತದೆಯೇ? ಇಲ್ಲ. ಊಟ ಮಾಡಿ, ಮಾಡದೇ ಇರಿ, ಟೀ ಕುಡಿಯಿರಿ, ರೀಲ್ಸ್ ನೋಡಿ, ಹೆಂಡತಿಗೆ ಫೋನ್ ಮಾಡಿ, ತಲೆ ಇಟ್ಟು ಮಲಗಿ. ಅದರ ಬಗ್ಗೆ ಒಂದಕ್ಷರವೂ ಇಲ್ಲ. ಬಿಡುವು ಕೆಲಸದ ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೇ ಕಾಯ್ದೆಯಲ್ಲಿ ಕೆಲಸ ಒಂಬತ್ತು ಗಂಟೆ ಅಂತ ಒಂದು ಮಿತಿ, ಬಿಡುವೂ ಸೇರಿದ ಒಟ್ಟು ಹೊತ್ತಿಗೆ ಇನ್ನೊಂದು ಮಿತಿ. ನಿಮ್ಮ ದುಡಿಮೆಯ ಲೆಕ್ಕಕ್ಕೇ ಸೇರದ ಹೊತ್ತಿನಲ್ಲಿ ನೀವು ಕೋಳಿ ನಿದ್ದೆ ಮಾಡಿದರೆ ಅದು "ಕರ್ತವ್ಯದ ವೇಳೆ ನಿದ್ದೆ" ಆಗಲಾರದು. ಈ ವಿಷಯದ ಕೀಲಿ ಇರುವುದೇ ಈ ಒಂದು ಪದದಲ್ಲಿ, ಡ್ಯೂಟಿ.

ಕಾರ್ಖಾನೆಗಳ ಸ್ಥಾಯಿ ಆದೇಶಗಳನ್ನು, ಅಂದರೆ ಸ್ಟ್ಯಾಂಡಿಂಗ್ ಆರ್ಡರ್ಸ್ ಅಂತ ಕರೆಯುವ ಶಿಸ್ತಿನ ನಿಯಮಗಳನ್ನು, ತೆರೆದು ನೋಡಿ. ತಪ್ಪುಗಳ ಪಟ್ಟಿಯಲ್ಲಿ ಬಹಳ ಕಡೆ ಕಾಣುವ ಸಾಲು "ಕರ್ತವ್ಯದಲ್ಲಿರುವಾಗ ನಿದ್ರಿಸುವುದು" ಅಂತ. ಗೇಟಿನ ಒಳಗೆ ನಿದ್ರಿಸುವುದು ಅಂತಲ್ಲ. ಬಿಡುವಿನಲ್ಲಿ ನಿದ್ರಿಸುವುದು ಅಂತಲೂ ಅಲ್ಲ.

ಸಾಫ್ಟ್‌ವೇರ್ ಮಂದಿಗೆ ಇಲ್ಲಿ ಒಂದು ತೊಡಕಿದೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಬಹಳ ವರ್ಷಗಳಿಂದ ವಿನಾಯಿತಿ ಕೊಡುತ್ತಾ ಬಂದಿದೆ. ಐಟಿ ನೌಕರರ ಸಂಘ ವಿರೋಧಿಸಿದರೂ 2024ರಲ್ಲಿ ಅದನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿತು. ಅಮಾನತು, ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತೆಲ್ಲ ಷರತ್ತುಗಳಿವೆ, ನಿಜ. ಆದರೆ ದಿನನಿತ್ಯದ ಶಿಸ್ತಿನ ಪುಸ್ತಕ ಬರೆಯುವವರು ಎಚ್‌ಆರ್‌ನವರೇ. ಹೊಸ ಸಂಹಿತೆಯಲ್ಲಂತೂ 300 ಕಾರ್ಮಿಕರಿಗಿಂತ ಕಡಿಮೆ ಇರುವ ಸಂಸ್ಥೆಗಳಿಗೆ ಸ್ಥಾಯಿ ಆದೇಶದ ಗೊಡವೆಯೇ ಇಲ್ಲ, ಹಿಂದೆ ಕೇಂದ್ರದ ಕಾಯ್ದೆಯಲ್ಲಿ ಆ ಸಂಖ್ಯೆ 100 ಇತ್ತು. ಹೀಗಾಗಿ ನಿಮ್ಮ ಆಫರ್ ಲೆಟರ್ ಜೊತೆ ಬಂದು, ನೀವು ಓದದೆ ಸಹಿ ಹಾಕಿದ ಆ 60 ಪುಟದ ಪಿಡಿಎಫ್ ಇದೆಯಲ್ಲ, ಅದರಲ್ಲಿ "ಕಚೇರಿ ಆವರಣದಲ್ಲಿ ನಿದ್ರಿಸುವಂತಿಲ್ಲ" ಅಂತ ಒಂದು ಸಾಲು ಇದ್ದರೂ ಇರಬಹುದು. ಆವರಣ ಅಂತ ಬರೆದಿದ್ದರೆ ಜಗಳ ಸ್ವಲ್ಪ ಕಷ್ಟ. ಬಿಡುವು ನಿಮ್ಮದಾದರೂ ಜಾಗ ಅವರದು. ಅಲ್ಲಿ ಸಿಗರೇಟು ಸೇದಬೇಡಿ ಅನ್ನುವ ಹಾಗೆ ಕಾನ್ಫರೆನ್ಸ್ ರೂಮಿನಲ್ಲಿ ಮಲಗಬೇಡಿ ಅಂತ ಹೇಳುವ ಅಧಿಕಾರ ಅವರಿಗಿದೆ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ನಿಮ್ಮದೇ ಕಾರಿನ ಸೀಟು ಹಿಂದಕ್ಕೆ ಬಾಗಿಸಿದರೆ ಆಗ ಏನು ಮಾಡುತ್ತಾರೆ ಅಂತ ನನಗೂ ಕುತೂಹಲ.

ನನ್ನದೇ ಕಥೆ ಒಂದಿದೆ. ಹಿಂದೆ ಒಂದು ಕಚೇರಿಯಲ್ಲಿದ್ದಾಗ ಊಟದ ಹೊತ್ತಿನಲ್ಲಿ ಡಬ್ಬಿ ಬೇಗ ಮುಗಿಸಿ, ಮೇಜಿನ ಮೇಲೆ ಕೈ ಮಡಚಿ ತಲೆ ಇಟ್ಟು ಹದಿನೈದು ನಿಮಿಷ ಜೊಂಪು ತೆಗೆಯುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ, ಒಂದು ದಿನ ಗಿರಾಕಿ ಕಂಪನಿಯವರು ಕಚೇರಿ ನೋಡಲು ಬರುವವರೆಗೆ. ಮರುದಿನ ಮೇಲಿನವರು ಕರೆದು ಹೇಳಿದ ಮಾತು ಈಗಲೂ ನೆನಪಿದೆ. "ನೀವು ಮಲಗಿದ್ದು ತಪ್ಪಲ್ಲ, ಕಾಣಿಸಿದ್ದು ತಪ್ಪು." ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅವರು ಗೊತ್ತಿಲ್ಲದೆಯೇ ಒಂದು ನಿಜ ಹೇಳಿದ್ದರು. ಇಂಥ ಪ್ರಕರಣಗಳಲ್ಲಿ ಬಹಳಷ್ಟು ಶುರುವಾಗುವುದೇ ಯಾರೋ ನೋಡಿದ್ದರಿಂದ, ಫೋಟೊ ತೆಗೆದದ್ದರಿಂದ.

ಕೊಪ್ಪಳದ್ದೂ ಹಾಗೇ. ಈಗ ಆ ಪ್ರಕರಣಕ್ಕೆ ಬರೋಣ. ಆ ಕಾನ್‌ಸ್ಟೇಬಲ್ ಮಲಗಿದ್ದು ಊಟದ ಬಿಡುವಿನಲ್ಲಿ ಅಲ್ಲ, ಡ್ಯೂಟಿಯಲ್ಲೇ. ಅವರೇ ಒಪ್ಪಿಕೊಂಡಿದ್ದರು. ವೈದ್ಯರು ಕೊಟ್ಟ ಔಷಧಿ ತಗೊಂಡಿದ್ದೆ, ಒಂದರ ಹಿಂದೆ ಒಂದು ಪಾಳಿ ಮಾಡಿದ್ದೆ, ಹತ್ತು ನಿಮಿಷ ಕಣ್ಣು ಹತ್ತಿತು ಅಂದಿದ್ದರು. ನಿಗಮದ ವಾದ ಏನೆಂದರೆ ವಿಡಿಯೊ ಹರಡಿ ಸಂಸ್ಥೆಯ ಹೆಸರು ಕೆಟ್ಟಿತು ಅಂತ. 2024ರ ಜುಲೈ 1ರಂದು ಅಮಾನತು ಆಯಿತು. ತಮಾಷೆ ನೋಡಿ, ನಿಗಮದ್ದೇ ಜಾಗೃತ ವಿಭಾಗದ ವರದಿಯಲ್ಲಿ ಅಲ್ಲಿರುವುದು ಮೂವರೇ ಕಾನ್‌ಸ್ಟೇಬಲ್‌ಗಳು, ಕೆಲಸದ ಹೊರೆ ಜಾಸ್ತಿ, ಇನ್ನೂ ಇಬ್ಬರು ಬೇಕು ಅಂತ ಬರೆದಿತ್ತು. ಆ ಇಬ್ಬರ ಪಾಲಿನ ಕೆಲಸವನ್ನೂ ಇರುವ ಮೂವರೇ ಎಳೆಯಬೇಕಿತ್ತು.

ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಲೆಕ್ಕ ಹಾಕಿದ್ದು ಸರಳ. ಎಂಟು ಗಂಟೆಯ ಪಾಳಿ ಮಾಡಬೇಕಾದ ಮನುಷ್ಯ 60 ದಿನ ಎಡೆಬಿಡದೆ ದಿನಕ್ಕೆ 16 ಗಂಟೆ ದುಡಿದಿದ್ದಾನೆ. ಅಷ್ಟು ದುಡಿಸಿದ್ದು ಸಂಸ್ಥೆ. ಹಾಗಿರುವಾಗ ಹತ್ತು ನಿಮಿಷದ ನಿದ್ದೆಗೆ ಶಿಕ್ಷೆ ಕೊಡುವುದು ಸಂಸ್ಥೆ ತನ್ನ ತಪ್ಪನ್ನು ನೌಕರನ ತಲೆಗೆ ಕಟ್ಟಿದ ಹಾಗೆ. ಮನುಷ್ಯನಿಗೆ ವಿಶ್ರಾಂತಿಯ ಹಕ್ಕಿದೆ ಅನ್ನುವುದಕ್ಕೆ ಕೋರ್ಟು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿಯನ್ನು ಎತ್ತಿ ತೋರಿಸಿತು. ಅಮಾನತು ರದ್ದಾಯಿತು, ಆ ಅವಧಿಯ ಸಂಬಳವನ್ನೂ ಕೊಡಿ ಅಂತ ಆದೇಶವಾಯಿತು.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ವಾಟ್ಸಾಪಿನಲ್ಲಿ ಯಾರೂ ಹಂಚಿಕೊಳ್ಳದ ಮಾತು. ಒಂದೇ ಪಾಳಿ ಮಾಡುವ ನೌಕರ ಡ್ಯೂಟಿಯಲ್ಲಿ ಮಲಗಿದ್ದರೆ ಅದು ಖಂಡಿತ ದುರ್ನಡತೆಯೇ ಆಗುತ್ತಿತ್ತು ಅಂತ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ತೀರ್ಪು ಕೊಟ್ಟದ್ದು ಮಲಗಲು ಲೈಸೆನ್ಸ್ ಅಲ್ಲ. ನಿದ್ದೆಗೆಡಿಸಿದವರೇ ನಿದ್ದೆಗೆ ಶಿಕ್ಷೆ ಕೊಡುವಂತಿಲ್ಲ, ಅಷ್ಟೇ. ಸರಿಯಾಗಿ ಎಂಟು ಗಂಟೆ ಮಾಡಿ ಮನೆಗೆ ಹೋಗುವವರು ಈ ತೀರ್ಪನ್ನು ಪ್ರಿಂಟ್ ತೆಗೆದು ಎಚ್‌ಆರ್ ಮುಂದೆ ಇಟ್ಟರೆ ಪ್ರಯೋಜನವಿಲ್ಲ.

ಇದರ ಇನ್ನೊಂದು ತುದಿಯಲ್ಲಿ ಸುಪ್ರೀಂ ಕೋರ್ಟಿನ ಒಂದು ಹಳೆಯ ಪ್ರಕರಣವಿದೆ. 1983ರ ಆಗಸ್ಟ್ 26. ಪುಣೆಯ ಭಾರತ್ ಫೋರ್ಜ್ ಕಾರ್ಖಾನೆ. ಬೆಳಿಗ್ಗೆ 11 ಗಂಟೆ 40 ನಿಮಿಷ. ಮೊದಲ ಪಾಳಿಯಲ್ಲಿದ್ದ ಒಬ್ಬ ಸಹಾಯಕ ಕಾರ್ಮಿಕ ತನ್ನ ಕೆಲಸದ ಜಾಗದಲ್ಲೇ ಕಬ್ಬಿಣದ ತಟ್ಟೆಯ ಮೇಲೆ ಗಾಢ ನಿದ್ದೆಯಲ್ಲಿದ್ದ. ನಿದ್ದೆಗೆ ಹಾಸಿಗೆ ಬೇಡ ಅನ್ನುತ್ತಾರಲ್ಲ, ಹಾಗೆ. ವಿಚಾರಣೆ ನಡೆದು ಕೆಲಸದಿಂದ ತೆಗೆದರು. ಅದಕ್ಕೂ ಮೊದಲು ಮೂರು ಸಲ ಬೇರೆ ತಪ್ಪುಗಳಿಗೆ ಅವನಿಗೆ ಸಣ್ಣಪುಟ್ಟ ಶಿಕ್ಷೆ ಆಗಿತ್ತು. ಕೆಳಗಿನ ಕೋರ್ಟುಗಳಲ್ಲಿ ಶಿಕ್ಷೆ ಜಾಸ್ತಿಯಾಯಿತು ಅನ್ನುವ ವಾದ ನಡೆಯಿತು, ಕೇಸು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೊನೆಗೆ 2005ರ ಜನವರಿಯಲ್ಲಿ, ಅಂದರೆ ಆ ನಿದ್ದೆ ಆಗಿ 21 ವರ್ಷ ಕಳೆದ ಮೇಲೆ, ಸುಪ್ರೀಂ ಕೋರ್ಟು ವಜಾ ಮಾಡಿದ್ದು ಸರಿ ಅಂದಿತು. ಒಂದು ಹೊತ್ತಿನ ನಿದ್ದೆಗೆ ಎರಡು ದಶಕದ ಕೋರ್ಟು ಅಲೆದಾಟ!

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕೋರ್ಟುಗಳು ಯಾವುದನ್ನು ತೂಗುತ್ತವೆ ಅಂತ ಕಾಣುತ್ತದೆ. ಡ್ಯೂಟಿಯೋ ಬಿಡುವೋ ಅನ್ನುವುದು ಮೊದಲು. ಆಮೇಲೆ ಆ ಮನುಷ್ಯ ಎಷ್ಟು ದುಡಿದಿದ್ದ, ಹಿಂದಿನ ದಾಖಲೆ ಹೇಗಿತ್ತು, ವಿಚಾರಣೆ ನ್ಯಾಯವಾಗಿ ನಡೆಯಿತೇ, ಕೊಟ್ಟ ಶಿಕ್ಷೆ ಅವನ ತಪ್ಪಿಗೆ ತಕ್ಕದ್ದೇ. 2012ರಲ್ಲಿ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿದ್ದೆಯೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಅಂದಿದ್ದನ್ನು ಕೆಲವರು ಆಫೀಸಿಗೆ ತಂದು ಜೋಡಿಸುತ್ತಾರೆ. ಅದು ಮಧ್ಯರಾತ್ರಿ ಮಲಗಿದ್ದ ಜನರ ಮೇಲೆ ಪೊಲೀಸರು ನುಗ್ಗಿದ ಪ್ರಕರಣ. ಮಾತು ದೊಡ್ಡದು, ಆದರೆ ಮೂರು ಗಂಟೆಯ ಮೀಟಿಂಗಿಗೆ ಅದು ನಿಲ್ಲುವುದಿಲ್ಲ.

ಇನ್ನು ಬಿಡುವು ಅಂದರೆ ನಿಜವಾಗಿ ಬಿಡುವೇನಾ ಅನ್ನುವ ಪ್ರಶ್ನೆ. ನನ್ನ ಪ್ರಕಾರ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ 12 ಗಂಟೆ ಕೂರುವ ಕಾವಲುಗಾರನಿಗೆ ಊಟದ ಬಿಡುವು ಇದೆ ಅನ್ನುತ್ತಾರೆ. ಆದರೆ ಬದಲಿ ಮನುಷ್ಯ ಬರುವುದಿಲ್ಲ. ಡಬ್ಬಿ ತೆರೆದಾಗಲೂ ಕಾರು ಬಂದರೆ ಎದ್ದು ಗೇಟು ತೆಗೆಯಬೇಕು. ಅಂಥವನು ಆ ಹೊತ್ತಿನಲ್ಲಿ ತೂಕಡಿಸಿದರೆ ಅದು ಬಿಡುವಿನ ನಿದ್ದೆಯೋ ಡ್ಯೂಟಿಯ ನಿದ್ದೆಯೋ? ಹೆಸರಿಗೆ ಬಿಡುವು, ನಿಜದಲ್ಲಿ ಡ್ಯೂಟಿ. ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸ್, ಸಬ್‌ಸ್ಟೇಷನ್‌ನಲ್ಲಿ ಒಬ್ಬನೇ ಇರುವ ಆಪರೇಟರ್, ಎಲ್ಲರದೂ ಇದೇ ಪಾಡು. ಇನ್ನೊಬ್ಬರು ಬಂದು ನಿಮ್ಮ ಜಾಗದಲ್ಲಿ ಕೂತರೆ ಮಾತ್ರ ನಿಮ್ಮ ಬಿಡುವು ನಿಮ್ಮದು. ಯಾರೂ ಬರದಿದ್ದರೆ ನೀವು ಇನ್ನೂ ಕೆಲಸದಲ್ಲೇ ಇದ್ದೀರಿ ಅಂತ ತಿಳಿದುಕೊಳ್ಳುವುದು ಕ್ಷೇಮ. ಸಂಬಳ ಕೇಳುವಾಗಲೂ ಹಾಗೇ ಕೇಳಬಹುದು ಅನ್ನಿ.

ಅದೇ ಕೆಲವು ಕೆಲಸಗಳಲ್ಲಿ ಮಲಗುವುದೇ ಕೆಲಸದ ಒಂದು ಭಾಗ. ಬೆಂಗಳೂರಿನಿಂದ ದೂರದ ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಇಬ್ಬರು ಡ್ರೈವರ್‌ಗಳಿದ್ದರೆ ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗಿರುತ್ತಾರೆ. ಅವರು ಮಲಗದೆ ನಮ್ಮ ಜೊತೆ ಹರಟೆ ಹೊಡೆಯುತ್ತಾ ಕೂತರೇ ನಾವು ಹೆದರಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಒಂಬತ್ತು ಗಂಟೆ ಒಂದೇ ಸಮನೆ ವಿಶ್ರಾಂತಿ ಇರಬೇಕು, ರಾತ್ರಿ ತಂಗುವ ಕಡೆ ಕೊಠಡಿ ಇರಬೇಕು ಅಂತ ಆಗಲೇ ಬರೆದಿತ್ತು. ಅಗ್ನಿಶಾಮಕ ಠಾಣೆ, ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೋಣೆ, ದೂರ ಹಾರುವ ವಿಮಾನದ ಸಿಬ್ಬಂದಿಯ ಮಲಗುವ ಜಾಗ, ಎಲ್ಲ ಕಡೆಯೂ ಹಾಸಿಗೆ ಇದೆ. ಅಲ್ಲಿ ನಿದ್ದೆಗೆ ಸರದಿ ಇದೆ, ಎಬ್ಬಿಸುವವರಿದ್ದಾರೆ.

ಈಗ ಸ್ವಲ್ಪ ಮೈಯ ಕಥೆ. ಊಟ ಜಾಸ್ತಿ ಆಯಿತು, ಅದಕ್ಕೇ ನಿದ್ದೆ ಅಂತ ನಾವೆಲ್ಲ ಮುದ್ದೆಯನ್ನೋ ಬಿಸಿಬೇಳೆಬಾತನ್ನೋ ಬೈಯುತ್ತೇವೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೈಯೊಳಗಿನ ಗಡಿಯಾರದಲ್ಲೇ ಮಧ್ಯಾಹ್ನ ಒಂದರಿಂದ ಮೂರರ ಸುಮಾರಿಗೆ ಒಂದು ಇಳಿತ ಇದೆ, ಊಟ ಬಿಟ್ಟರೂ ಅದು ಬರುತ್ತದೆ. ಊಟ ಅದನ್ನು ಜಾಸ್ತಿ ಮಾಡುತ್ತದೆ ಅಷ್ಟೇ. ಕರಾವಳಿಯ ಮತ್ತು ಒಳನಾಡಿನ ಎಷ್ಟೋ ಸಣ್ಣ ಊರುಗಳಲ್ಲಿ ಈಗಲೂ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಮನೆಗೆ ಹೋಗಿ ಒಂದು ಗಳಿಗೆ ಅಡ್ಡಾಗಿ ನಾಲ್ಕಕ್ಕೆ ಮತ್ತೆ ತೆರೆಯುವವರಿದ್ದಾರೆ. ಅವರಿಗೆ ಎಚ್‌ಆರ್ ಪಾಲಿಸಿ ಬೇಕಿಲ್ಲ.

ಎಷ್ಟು ಹೊತ್ತು ಅನ್ನುವುದು ಮುಖ್ಯ. ಮೊದಲ ಹತ್ತು ಇಪ್ಪತ್ತು ನಿಮಿಷ ಸಾಮಾನ್ಯವಾಗಿ ತೆಳು ನಿದ್ದೆ. ಅಷ್ಟರಲ್ಲಿ ಎದ್ದರೆ ತಲೆ ಹಗುರ. ಅದನ್ನು ಮೀರಿ ಮುಕ್ಕಾಲು ಗಂಟೆ, ಒಂದು ಗಂಟೆ ಮಲಗಿದರೆ ಆಳದ ನಿದ್ದೆಗೆ ಇಳಿದಿರುತ್ತೇವೆ. ಅಲ್ಲಿಂದ ಎಬ್ಬಿಸಿದರೆ ಮಂಪರು ಬಿಡುವುದಿಲ್ಲ, ಅರ್ಧ ಗಂಟೆಯವರೆಗೂ ತಲೆ ಓಡುವುದಿಲ್ಲ, ಯಾವ ಊರಿನಲ್ಲಿದ್ದೇನೆ ಅನ್ನುವ ಹಾಗಿರುತ್ತದೆ. ಇದಕ್ಕೆ ಸ್ಲೀಪ್ ಇನರ್ಷಿಯಾ ಅನ್ನುತ್ತಾರೆ. ಕನ್ನಡದಲ್ಲಿ ನಿದ್ದೆಯ ಜಡ ಅನ್ನಬಹುದೇನೋ.

ಈ ಜಡ ಎಷ್ಟು ಅಪಾಯ ಅಂತ ಕರ್ನಾಟಕಕ್ಕೆ ಗೊತ್ತಾದದ್ದು ಬಹಳ ಕೆಟ್ಟ ರೀತಿಯಲ್ಲಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಬದುಕಿದವರು ಎಂಟು ಮಂದಿ. ಕಾಕ್‌ಪಿಟ್‌ನ ರೆಕಾರ್ಡರಿನಲ್ಲಿ ಸಿಕ್ಕ ಎರಡು ಗಂಟೆ ಚಿಲ್ಲರೆ ಧ್ವನಿಯಲ್ಲಿ ಮೊದಲ ಒಂದು ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇರಲಿಲ್ಲ. ಕ್ಯಾಪ್ಟನ್ ಮಲಗಿದ್ದರು. ಎದ್ದ ಮೇಲೆ ಇಳಿಯುವುದಕ್ಕೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ವಿಮಾನ ಸರಿಯಾದ ಎತ್ತರದಲ್ಲಿರಲಿಲ್ಲ, ಸಹ ಪೈಲಟ್ ಮತ್ತೆ ಮೇಲೇರೋಣ ಅಂತ ಹೇಳಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು. ಇಳಿಯುವುದನ್ನು ಕೈಬಿಡದೇ ಇದ್ದದ್ದೇ ನೇರ ಕಾರಣ ಅಂದ ತನಿಖಾ ನ್ಯಾಯಾಲಯ, ದೀರ್ಘ ನಿದ್ದೆಯ ಜಡದಿಂದ ಅವರ ತೀರ್ಮಾನ ಕೆಟ್ಟಿರಬಹುದು ಅಂತಲೂ ಬರೆಯಿತು.

ಹಾಗಂತ ಪೈಲಟ್‌ಗಳು ಮಲಗಲೇಬಾರದು ಅಂತಲ್ಲ. ನಿದ್ದೆಯ ಪರವಾಗಿ ಜನ ಎತ್ತಿ ತೋರಿಸುವ ಅಧ್ಯಯನವೂ ಪೈಲಟ್‌ಗಳದ್ದೇ! ನಾಸಾದವರು ದೂರದ ವಿಮಾನಗಳ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟು ನೋಡಿದರು. ಅವರು ಸರಾಸರಿ 26 ನಿಮಿಷ ಮಲಗಿದರು, ಆಮೇಲೆ ಮಲಗದವರಿಗಿಂತ ಹೆಚ್ಚು ಚುರುಕಾಗಿದ್ದರು. ಸರದಿ, ಗೊತ್ತಾದ ಹೊತ್ತು, ಎದ್ದ ಮೇಲೆ ಕೈಗೆ ಕೆಲಸ ಬರುವ ಮುಂಚೆ ಒಂದಿಷ್ಟು ಸಮಯ. ಮಂಗಳೂರಿನ ವಿಮಾನದಲ್ಲಿ ಈ ಮೂರೂ ಇರಲಿಲ್ಲ.

ಅದೇ 26 ನಿಮಿಷದ ಮಾತು ಹಿಡಿದುಕೊಂಡು ಬೆಂಗಳೂರಿನ ವೇಕ್‌ಫಿಟ್ ಕಂಪನಿ 2022ರ ಮೇನಲ್ಲಿ ತನ್ನ ನೌಕರರಿಗೆ ಮಧ್ಯಾಹ್ನ ಎರಡರಿಂದ ಎರಡೂವರೆವರೆಗೆ ಮಲಗುವ ಹಕ್ಕು ಅಂತ ಘೋಷಿಸಿತು. ಆ ಅರ್ಧ ಗಂಟೆ ಎಲ್ಲರ ಕ್ಯಾಲೆಂಡರಿನಲ್ಲೂ ಮುಚ್ಚಿದ ಹೊತ್ತು. ಹಾಸಿಗೆ ಮಾರುವ ಕಂಪನಿ ಅದು, ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟಂತೆ ಅನ್ನುವ ಗಾದೆಯನ್ನು ವ್ಯಾಪಾರವಾಗಿಸಿದವರು ಅಂತ ನಕ್ಕವರೂ ಇದ್ದಾರೆ. ಜಾಹೀರಾತು ಇರಬಹುದು. ಆದರೆ ನನಗೆ ಅದರಲ್ಲಿ ಹಿಡಿಸಿದ್ದು ಕ್ಯಾಲೆಂಡರ್ ಮುಚ್ಚಿದ ಕೆಲಸ. ಕಾಗದದ ಮೇಲೆ ಒಂದು ಗಂಟೆ ಬಿಡುವು ಇದ್ದು, ಒಂದೂವರೆಗೆ ಯಾರೋ ಅಮೆರಿಕದವರಿಗೋಸ್ಕರ "ಸಣ್ಣ ಕಾಲ್" ಇಟ್ಟರೆ ಆ ಬಿಡುವು ಎಲ್ಲಿ ಉಳಿಯಿತು? ಜಪಾನಿನ ಆರೋಗ್ಯ ಸಚಿವಾಲಯ 2014ರಲ್ಲೇ ಮಧ್ಯಾಹ್ನ ಅರ್ಧ ಗಂಟೆ ದಾಟದ ಸಣ್ಣ ನಿದ್ದೆ ಒಳ್ಳೆಯದು ಅಂತ ತನ್ನ ಮಾರ್ಗಸೂಚಿಯಲ್ಲಿ ಬರೆದಿತ್ತು. ಕೂತಲ್ಲೇ ತೂಕಡಿಸುವುದಕ್ಕೆ ಅಲ್ಲಿ ಇನೆಮುರಿ ಅಂತ ಬೇರೆ ಹೆಸರೇ ಇದೆ. ಅಲ್ಲಿ ಅದನ್ನು ಸೋಮಾರಿತನಕ್ಕಿಂತ ಜಾಸ್ತಿ ದುಡಿದ ಗುರುತಾಗಿಯೇ ನೋಡುವುದುಂಟು, ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ವಿಷಯ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ನಿದ್ದೆ ಪಾಡ್, ಬೀನ್ ಬ್ಯಾಗ್ ಎಲ್ಲ ಸಿಗುವುದು ಎಸಿ ಕೋಣೆಯಲ್ಲಿ ಕೂತವರಿಗೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಂಗಸು ಬೆಳಿಗ್ಗೆ ನಾಲ್ಕಕ್ಕೋ ಐದಕ್ಕೋ ಎದ್ದು ಅಡುಗೆ ಮಾಡಿಟ್ಟು ಬಂದಿರುತ್ತಾಳೆ. ಅವಳ ಅರ್ಧ ಗಂಟೆಯಲ್ಲಿ ಕೈ ತೊಳೆಯುವ ಸಾಲು, ಊಟ, ಶೌಚಾಲಯದ ಸಾಲು ಕಳೆದರೆ ಉಳಿಯುವುದು ಐದು ನಿಮಿಷ. ಅದರಲ್ಲೇ ಪಕ್ಕದವಳ ಹೆಗಲಿಗೆ ಒರಗುತ್ತಾಳೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ ಮಾಡಿತು. ನಾಲ್ಕು ದಿನ ಕೆಲಸ, ಮೂರು ದಿನ ರಜೆ ಅಂತ ಲೆಕ್ಕ ಚೆನ್ನಾಗಿದೆ. ಆದರೆ ಹತ್ತನೇ ಗಂಟೆಯಲ್ಲಿ ಸೂಜಿಯ ಕೆಳಗೆ ಬೆರಳು ಇಡುವವರಿಗೆ ಮೂರು ದಿನ ಆಮೇಲೆ ಬರುವ ರಜೆಗಿಂತ ಆಗಲೇ ಸಿಗುವ ಹದಿನೈದು ನಿಮಿಷ ದೊಡ್ಡದು. ಇನ್ನು ಬೈಕಿನ ಸೀಟಿನ ಮೇಲೇ ಮಲಗುವ ಡೆಲಿವರಿ ಹುಡುಗರನ್ನು ಫ್ಲೈಓವರ್ ಕೆಳಗೆ ನೋಡಿಯೇ ಇರುತ್ತೀರಿ. ಅವರಿಗೆ ಬಿಡುವು ಬೇಕೆಂದರೆ ಆಪ್ ಆಫ್ ಮಾಡಬೇಕು, ಆಫ್ ಮಾಡಿದರೆ ದುಡ್ಡಿಲ್ಲ.

ಸರಿ, ನೀವು ಮಲಗಬೇಕು ಅಂತಿದ್ದರೆ ಏನು ಮಾಡಬೇಕು? ಮೊದಲು ಆ ಪಿಡಿಎಫ್ ತೆರೆದು ಬಿಡುವು, ಆವರಣ, ನಿದ್ದೆ ಅನ್ನುವ ಪದಗಳನ್ನು ಹುಡುಕಿ. ನಿಮ್ಮ ಬಿಡುವು ಎಷ್ಟರಿಂದ ಎಷ್ಟು ಅಂತ ಬರಹದಲ್ಲಿ ಇಲ್ಲದಿದ್ದರೆ ಒಂದು ಇಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಜಾಗ ಹುಷಾರಾಗಿ ಆರಿಸಿ. ಯಂತ್ರದ ಪಕ್ಕ, ಏಣಿಯ ಕೆಳಗೆ, ಲಾರಿಯ ನೆರಳಿನಲ್ಲಿ ಬೇಡವೇ ಬೇಡ. ಲಾರಿ ಹಿಂದಕ್ಕೆ ಬಂದರೆ ನೀವು ಬಿಡುವಿನಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ. ಕೆಲವರು ಮಲಗುವ ಮುಂಚೆ ಕಾಫಿ ಕುಡಿದು ಮಲಗುತ್ತಾರೆ. ಕೇಳಲು ಹುಚ್ಚು ಅನ್ನಿಸುತ್ತದೆ, ಆದರೆ ಕಾಫಿ ಕೆಲಸ ಶುರು ಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ನಿದ್ದೆ ಮುಗಿದಿರುತ್ತದೆ. ನಾನು ಮಾಡಿ ನೋಡಿದ್ದೇನೆ, ಫಿಲ್ಟರ್ ಕಾಫಿಗೆ ಚೆನ್ನಾಗಿಯೇ ನಡೆಯುತ್ತದೆ.

ಡಬಲ್ ಪಾಳಿ ಮಾಡಿಸುತ್ತಿದ್ದರೆ ದಿನಾಂಕ, ಗಂಟೆ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಕೊಪ್ಪಳದ ಪ್ರಕರಣದಲ್ಲಿ ಆ ನೌಕರನನ್ನು ಉಳಿಸಿದ್ದು 60 ದಿನ, 16 ಗಂಟೆ ಅನ್ನುವ ಲೆಕ್ಕ. ನೋಟಿಸ್ ಬಂದರೆ ಸಿಟ್ಟಿನಲ್ಲಿ ಅಲ್ಲೇ ತಪ್ಪಾಯಿತು ಅಂತ ಬರೆದುಕೊಡಬೇಡಿ. ಎಷ್ಟು ಗಂಟೆಗೆ ಬಿಡುವು ಶುರುವಾಗಿತ್ತು, ಯಾರು ನಿಮ್ಮ ಜಾಗದಲ್ಲಿದ್ದರು, ಹಿಂದಿನ ಪಾಳಿ ಯಾವಾಗ ಮುಗಿದಿತ್ತು, ಔಷಧಿ ಏನಾದರೂ ತಗೊಂಡಿದ್ದಿರಾ ಅನ್ನುವುದನ್ನು ನಿಧಾನವಾಗಿ ಬರೆಯಿರಿ. ಸ್ಥಾಯಿ ಆದೇಶಗಳು ಅನ್ವಯಿಸುವ ಕಡೆ ವಿಚಾರಣೆಗೋಸ್ಕರ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೂ ನಿಮ್ಮ ತಪ್ಪಿಲ್ಲದೆ ವಿಚಾರಣೆ ಎಳೆದರೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕು ಅನ್ನುವುದೂ ಗೊತ್ತಿರಲಿ.

ಮತ್ತೆ ಇನ್ನೊಂದು. ಪಕ್ಕದ ಮೇಜಿನವರು ಬಾಯಿ ತೆರೆದು ಮಲಗಿದ್ದಾರೆ ಅಂತ ಮೊಬೈಲ್ ತೆಗೆಯುವ ಮುಂಚೆ ಗಡಿಯಾರ ನೋಡಿ. ಬಿಡುವು ಮುಗಿದಿದ್ದರೆ ಭುಜ ತಟ್ಟಿ ಎಬ್ಬಿಸಿ, ವಿಡಿಯೊ ಬೇಡ.